ಮೊದಲ ವರ್ಷವೇ ಗ್ರೀಕ್ ಮನೆ ಸೇರಬಹುದಾ?

ಅಮೆರಿಕದ ಕಾಲೇಜುಗಳಲ್ಲಿ ಕಾಲೇಜಿನದೇ ಹಾಸ್ಟೆಲ್‌ಗೆ ಡಾರ್ಮ್ ಅನ್ನುತ್ತಾರೆ. ಅದು ಬೇಡವೆಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಸಂಘಗಳ ಮನೆಗಳಿವೆ: ಹುಡುಗರಿಗೆ ಫ್ರಾಟರ್ನಿಟಿ, ಹುಡುಗಿಯರಿಗೆ ಸೊರೊರಿಟಿ. ಬಾಸ್ಟನ್ ಪಕ್ಕದ ಎಂಐಟಿಯಲ್ಲಿ ಹಿಂದೆ ಹೊಸ ಹುಡುಗರು ಬಂದ ವಾರದಲ್ಲೇ ಇಂಥ ಮನೆ ಸೇರಬಹುದಿತ್ತು. 2002ರಿಂದ ಮೊದಲ ವರ್ಷ ಡಾರ್ಮ್ ಕಡ್ಡಾಯ.

ಪರ

ಡಾರ್ಮ್ ಅಂದರೆ ಉದ್ದ ಕಾರಿಡಾರ್, ಸಾಲು ಬಾಗಿಲು. ಪಕ್ಕದ ರೂಮಿನವನ ಹೆಸರು ಗೊತ್ತಾಗುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಫ್ರಾಟರ್ನಿಟಿಯಲ್ಲಿ ಮೂವತ್ತು-ನಲವತ್ತು ಜನ, ಒಂದೇ ಅಡುಗೆಮನೆ. ಯಾರು ಪಾತ್ರೆ ತೊಳೆಯಬೇಕು, ಯಾರು ಬಾತ್‌ರೂಮ್ ಉಜ್ಜಬೇಕು ಅಂತ ಗೋಡೆ ಮೇಲೆ ಪಟ್ಟಿ. ಲೆಕ್ಕ ಬರೆಯುವವನೂ ವಿದ್ಯಾರ್ಥಿಯೇ. ರಾತ್ರಿ ಒಂದು ಗಂಟೆಗೆ ಫಿಸಿಕ್ಸ್ ತಲೆಗೆ ಹತ್ತದಿದ್ದರೆ, ಹೋದ ವರ್ಷ ಅದೇ ಪಾಠಕ್ಕೆ ತಲೆ ಚಚ್ಚಿಕೊಂಡ ಸೀನಿಯರ್ ಮಹಡಿ ಮೇಲೇ ಇರುತ್ತಾನೆ.

ನೆನಪುಗಳೂ ಅಂಥವೇ. 1958ರಲ್ಲಿ ಎಂಐಟಿಯ ಒಂದು ಫ್ರಾಟರ್ನಿಟಿಯ ಹೊಸಬರಿಗೆ ಚಾರ್ಲ್ಸ್ ನದಿಯ ಹಾರ್ವರ್ಡ್ ಸೇತುವೆ ಅಳೆಯುವ ಕೆಲಸ ಬಿತ್ತು. ಟೇಪ್ ಇಲ್ಲ. ಗುಂಪಿನಲ್ಲೇ ಗಿಡ್ಡನಾದ ಆಲಿವರ್ ಸ್ಮೂಟ್‌ನನ್ನು ಮಲಗಿಸಿ ಮಲಗಿಸಿ ಗುರುತು ಹಾಕಿದರು. ಉದ್ದ 364.4 ಸ್ಮೂಟ್, ಜೊತೆಗೆ ಒಂದು ಕಿವಿ! ಆ ಗುರುತುಗಳು ಇವತ್ತಿಗೂ ಸೇತುವೆ ಮೇಲಿವೆ. ಸ್ಮೂಟ್ ಮುಂದೆ ಐಎಸ್‌ಒ ಅನ್ನುವ, ಅಳತೆ-ಗುಣಮಟ್ಟಗಳಿಗೆ ಮಾನದಂಡ ಹಾಕುವ ಅಂತರರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷನಾದ. ಅಳತೆಯ ನಂಟು ಬಿಡಲಿಲ್ಲ ನೋಡಿ.

ವಿರೋಧ

ಸ್ಮೂಟ್ ಕತೆ ನನಗೂ ಇಷ್ಟ. ಆದರೆ ಅರ್ಧ ಹೇಳಿದರೆ ಹೇಗೆ? ಮಲಗಿ ಎದ್ದು, ಮಲಗಿ ಎದ್ದು ಹುಡುಗ ಸುಸ್ತಾಗಿ, ಕೊನೆಗೆ ಜೊತೆಯವರೇ ಎತ್ತಿ ಮಲಗಿಸಬೇಕಾಯಿತು. ಸೀನಿಯರ್ ಹೇಳಿದ, ಹೊಸಬ ಮಾಡಿದ. ಸೇತುವೆ ಮೇಲಾದರೆ ನಗು. ಕೈಗೆ ಬಾಟಲಿ ಕೊಟ್ಟರೆ?

1997ರ ಸೆಪ್ಟೆಂಬರಿನಲ್ಲಿ ಎಂಐಟಿಯ ಇನ್ನೊಂದು ಫ್ರಾಟರ್ನಿಟಿಯಲ್ಲಿ ಹದಿನೆಂಟರ ಹೊಸ ಹುಡುಗನೊಬ್ಬ ವಿಪರೀತ ಕುಡಿದು ಕೋಮಾಕ್ಕೆ ಹೋದ. ಮತ್ತೆ ಏಳಲಿಲ್ಲ. ಕಾಲೇಜಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. 2000ದಲ್ಲಿ ಎಂಐಟಿ ಅವನ ಹೆಸರಿನ ವಿದ್ಯಾರ್ಥಿವೇತನವೂ ಸೇರಿ 60 ಲಕ್ಷ ಡಾಲರ್ ಕೊಡಲು ಒಪ್ಪಿತು. ಡಾರ್ಮ್ ಕಡ್ಡಾಯವಾಗಿದ್ದು ಈ ಸಾವಿನಿಂದಲೇ.

ಹೊಸಬರನ್ನು ಹೀಗೆ ಗೋಳಾಡಿಸುವುದಕ್ಕೆ ಅಲ್ಲಿ ಹೇಜಿಂಗ್ ಅನ್ನುತ್ತಾರೆ. ನಮ್ಮ ರ್‍ಯಾಗಿಂಗೇ, ಆದರೆ ಒಂದು ವ್ಯತ್ಯಾಸ. ನಮ್ಮಲ್ಲಿ ಹುಡುಗ ತಪ್ಪಿಸಿಕೊಂಡು ಓಡಲು ನೋಡುತ್ತಾನೆ. ಅಲ್ಲಿ ಒಳಗೆ ಸೇರಿಸಿಕೊಳ್ಳಲಿ ಅಂತ ತಾನೇ ಹೋಗಿ ನಿಲ್ಲುತ್ತಾನೆ. ಮಲಗುವ ಮಂಚವೂ ಅದೇ ಮನೆಯಲ್ಲಿದ್ದರೆ 'ಒಲ್ಲೆ' ಅನ್ನಲು ಬಾಯಿ ಬರುತ್ತದಾ?

ಆರಿಸುವ ಹೊತ್ತಾದರೂ ಎಂಥದ್ದು! ಸೂಟ್‌ಕೇಸಿನ ಬಟ್ಟೆ ಇನ್ನೂ ಹೊರಗೆ ಬಂದಿಲ್ಲ. ಬಿಟ್ಟಿ ಊಟ, ಬೆನ್ನು ತಟ್ಟುವ ಸೀನಿಯರ್‌ಗಳು. ಹೆಣ್ಣು ನೋಡಲು ಹೋದಲ್ಲಿ ಉಪ್ಪಿಟ್ಟು-ಕೇಸರಿಬಾತ್ ತಿಂದು ಸಂಬಂಧ ಒಪ್ಪಿದ ಹಾಗೆ, ಅಲ್ವಾ?

ಎರಡನೇ ವರ್ಷ ಹೋಗಲಿ, ಯಾರು ಬೇಡ ಅಂದರು? ಅಷ್ಟರಲ್ಲಿ ಆ ಮನೆಯಲ್ಲಿ ಶನಿವಾರ ರಾತ್ರಿ ಏನು ನಡೆಯುತ್ತದೆ, ಭಾನುವಾರ ಬೆಳಿಗ್ಗೆ ವಾಂತಿ ಒರೆಸುವವರ ಪಟ್ಟಿಯಲ್ಲಿ ಯಾರ ಹೆಸರಿರುತ್ತದೆ ಅನ್ನುವುದು ಗೊತ್ತಾಗಿರುತ್ತದೆ.