ಸ್ಪಷ್ಟನೆ: ‘ಶಕ್ತಿ’ ಕಾಳುಮೆಣಸಿಗೂ ಸೊರಗು ರೋಗ ಬರಬಹುದು

‘ಶಕ್ತಿ ತಳಿಗೆ ಸೊರಗು ರೋಗ ಬರೋದೇ ಇಲ್ಲ, ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯೋದು ಬೇಡ’ ಅನ್ನುವ ಆಡಿಯೋ ಶಿರಸಿ, ಸಿದ್ದಾಪುರದ ಗುಂಪುಗಳಲ್ಲಿ ಓಡಾಡುತ್ತಿದೆ. ಅದರಲ್ಲಿರುವುದು ನನ್ನದೇ ದನಿ. ಹೇಳಿದ್ದು ತಪ್ಪು.

ಕೋಳಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಈ ತಳಿ ರೋಗವನ್ನು ‘ತಾಳಿಕೊಳ್ಳುತ್ತದೆ’, ಅಷ್ಟೇ. ತಾಳುವುದು ಬೇರೆ, ಬಾರದೇ ಇರುವುದು ಬೇರೆ ಅಲ್ವಾ? ತಳಿ ಪರೀಕ್ಷೆಯಲ್ಲಿ ಗಿಡಕ್ಕೆ ಈ ರೋಗ ತರುವ ಫೈಟಾಫ್ಥೋರಾ ಎಂಬ ರೋಗಾಣುವಿನ ಸೋಂಕು ತಗುಲಿಸಿ, ಕೊಳೆ ಎಷ್ಟು ಹಬ್ಬಿತು, ಎಷ್ಟು ಗಿಡ ಉಳಿದವು ಎಂದು ನೋಡುತ್ತಾರೆ. ಕಡಿಮೆ ಕೊಳೆತದ್ದನ್ನು ಆರಿಸುತ್ತಾರೆ. ನಮ್ಮ ಅಡಿಕೆ ತೋಟದಲ್ಲಿ ಆಷಾಢದ ಮಳೆಗೆ ಬುಡದಲ್ಲಿ ನೀರು ನಿಂತರೆ ಆ ತಾಳಿಕೆಯೂ ಸಾಲದು. ಎಲೆ ಮೇಲೆ ಅಂಚು ನೂಲುನೂಲಾದ ಕಪ್ಪು ಚುಕ್ಕೆ ಕಂಡರೆ ರೋಗ ಬಂತೆಂದೇ ಲೆಕ್ಕ.

ಬೇರಿನ ಮಟ್ಟದಲ್ಲಿ ಈ ರೋಗಕ್ಕೆ ಗಟ್ಟಿ ನಿಲ್ಲುವುದು ಕಾಳುಮೆಣಸಿನ ಸಂಬಂಧಿ ಗಿಡವಾದ ಬ್ರೆಜಿಲ್ ಹಿಪ್ಪಲಿ. ಅದರ ಮೇಲೆ ಕಾಳುಮೆಣಸಿನ ಕಸಿ ಕಟ್ಟಬಹುದು, ಆದರೆ ಬೇಸಿಗೆಯಲ್ಲಿ ನೀರು ತಪ್ಪಬಾರದು.

ಬಸಿಗಾಲುವೆ ಬಿಡಿಸಿ. ಶೇ. 1ರ ಬೋರ್ಡೋ (100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ.) ನಿಲ್ಲಿಸಬೇಡಿ. ಆ ಆಡಿಯೋ ಅಳಿಸಿ, ದಯವಿಟ್ಟು ಮುಂದೆ ಕಳಿಸಬೇಡಿ.