ಸ್ಪಷ್ಟನೆ: ಹಸಿರು ಪಟಾಕಿಗೂ ಹೊಗೆಯಿದೆ, ಹೊತ್ತಿನ ಮಿತಿಯೂ ಇದೆ

‘ಸುಪ್ರೀಂ ಕೋರ್ಟ್ ಪಟಾಕಿಯನ್ನೇ ನಿಷೇಧಿಸಿದೆ, ಹಸಿರು ಪಟಾಕಿಗೆ ಮಾತ್ರ ಹೊಗೆಯಿಲ್ಲ, ಯಾವಾಗ ಬೇಕಾದರೂ ಹಚ್ಚಬಹುದು’ ಎಂಬ ಸಂದೇಶ ದೀಪಾವಳಿ ಹೊತ್ತಿಗೆ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಮೂರೂ ಮಾತು ತಪ್ಪು.

2018ರ ಅಕ್ಟೋಬರ್ 23ರ ತೀರ್ಪು ಪಟಾಕಿಯನ್ನು ಪೂರ್ತಿ ನಿಷೇಧಿಸಲಿಲ್ಲ. ಅದು ತಡೆದವುಗಳಲ್ಲಿ ಬೇರಿಯಂ ಲವಣ ಎಂಬ ರಾಸಾಯನಿಕ, ಸರಪಟಾಕಿ ಮತ್ತು ಆನ್‌ಲೈನ್ ಮಾರಾಟ ಸೇರಿವೆ. ದೀಪಾವಳಿಗೆ ಕೊಟ್ಟ ಸಮಯ ರಾತ್ರಿ 8ರಿಂದ 10. ಇದು ಹಸಿರು ಪಟಾಕಿಗೂ ಅನ್ವಯ. ದೆಹಲಿಯಲ್ಲಿ ಆಗಾಗ ಬಂದ ನಿಷೇಧದ ಆದೇಶಗಳ ಕಥೆಯೇ ಬೇರೆ, ಅವನ್ನು ಇಲ್ಲಿಗೆ ಎಳೆತರಬೇಡಿ.

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) ಸೂತ್ರದಲ್ಲಿ ತಯಾರಾಗುವ ಹಸಿರು ಪಟಾಕಿ ಹೊರಸೂಸುವ ಕಣಗಳು ಮಾಮೂಲಿ ಪಟಾಕಿಗಿಂತ ಸುಮಾರು ಶೇ 30ರಷ್ಟು ಕಡಿಮೆ, ಅಷ್ಟೇ. ಉಳಿದ ಹೊಗೆ ನಿಮ್ಮ ಓಣಿಯಲ್ಲೇ ಇರುತ್ತದೆ. ‘ಹಸಿರು’ ಎಂದರೆ ಬಣ್ಣವೂ ಅಲ್ಲ: ಮತಾಪಿನ ಹಸಿರು ಜ್ವಾಲೆ ಸಾಮಾನ್ಯವಾಗಿ ಬರುವುದು ನಿಷೇಧಿತ ಬೇರಿಯಂನಿಂದಲೇ!

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಹಸಿರು ಪಟಾಕಿಯ ಲಾಂಛನ, ಕ್ಯೂಆರ್ ಕೋಡ್, ತಯಾರಕರ ವಿಳಾಸ ನೋಡಿ. ಲಾಂಛನ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಆದ್ದರಿಂದ ಕೋಡ್ ಸ್ಕ್ಯಾನ್ ಮಾಡದೆ ದುಡ್ಡು ಕೊಡಬೇಡಿ. ಸದ್ದಿನ ಮಿತಿ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್.

ಹಸಿರಾದರೂ ಸುಡುತ್ತದೆ. ಸುರಸುರಬತ್ತಿಯ ತಂತಿ ಆರಿದ ಮೇಲೂ ಕಾದೇ ಇರುತ್ತದೆ. ನೇರ ನೀರಿನ ಬಕೆಟ್ಟಿಗೆ ಹಾಕಿ. ಠುಸ್ಸೆಂದ ಹೂಕುಂಡದ ಮೇಲೆ ಬಗ್ಗಿ ನೋಡಬೇಡಿ, ಒಳಗೆ ಕಿಡಿ ಉಳಿದಿರಬಹುದು. ಕಾದು, ದೂರದಿಂದಲೇ ನೀರು ಸುರಿಯಿರಿ.