ನೃತ್ಯದ ಫೋಟೊಗೆ ಲೆನ್ಸಿಗಿಂತ ಮೊದಲು ತಾಳ

ನೃತ್ಯ ಕಾರ್ಯಕ್ರಮದ ಫೋಟೊ ತೆಗೆಯಲು ಯಾವ ಲೆನ್ಸ್ ಕೊಳ್ಳಬೇಕೆಂದು ಕೇಳುವವರಿಗೆ ನನ್ನ ಉತ್ತರ ಅಷ್ಟಾಗಿ ರುಚಿಸುವುದಿಲ್ಲ. ಒಳ್ಳೆಯ ಲೆನ್ಸ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಲೆನ್ಸಿನ ಕಿಂಡಿಯ ಅಗಲವನ್ನು ಹೇಳುವ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು: ಎಫ್/4ರ ಬದಲು ಎಫ್/2.8 ಇದ್ದರೆ ಎರಡರಷ್ಟು ಬೆಳಕು ಒಳಬರುತ್ತದೆ, 85 ಮಿ.ಮೀ. ಎಫ್/1.8 ಲೆನ್ಸಿನಲ್ಲಿ ಇನ್ನೂ ಹೆಚ್ಚು. ಆದರೆ ಸಭಾಂಗಣದ ದೀಪಗಳೆಲ್ಲ ಆರಿ ನರ್ತಕಿಯ ಮೇಲೆ ಒಂದೇ ಒಂದು ಸ್ಪಾಟ್‌ಲೈಟ್ ಉಳಿದಾಗ ಕೈಹಿಡಿಯುವುದು ಫೋಟೊ ತೆಗೆಯುವವರ ತಾಳಜ್ಞಾನವೇ ಎಂಬುದು ನನ್ನ ಖಚಿತ ಅಭಿಪ್ರಾಯ. ಭರತನಾಟ್ಯವನ್ನೇ ಹೆಚ್ಚಾಗಿ ಚಿತ್ರಿಸಿರುವುದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಅಂಥ ಬೆಳಕಿನಲ್ಲಿ ಶಟರ್ ವೇಗ (ಬೆಳಕು ಒಳಬರಲು ಶಟರ್ ತೆರೆದಿರುವ ಹೊತ್ತು) 1/250 ಸೆಕೆಂಡ್ ಸಿಕ್ಕರೆ ಪುಣ್ಯ. ಅಡವು, ಅಂದರೆ ಕೈಕಾಲುಗಳ ಮೂಲ ಚಲನೆ, ಚುರುಕಾಗಿ ಸಾಗುತ್ತಿರುವಾಗ ಆ ವೇಗದಲ್ಲಿ ಕ್ಲಿಕ್ಕಿಸಿದರೆ ಮುಖ ಸ್ಪಷ್ಟವಾಗಿ ಬಂದರೂ ಹಸ್ತಗಳು ಕಲಸಿಹೋಗುತ್ತವೆ. ಅದೃಷ್ಟವಶಾತ್ ಈ ನೃತ್ಯದ ರಚನೆಯೊಳಗೇ ನಿಲುಗಡೆಗಳಿವೆ. ಜತಿಯೊಂದು (ಸೊಲ್ಲುಗಳೆಂಬ ತಾಳದ ನುಡಿಗಳಿಗೆ ಹೆಣೆದ ನೃತ್ತದ ತುಣುಕು) ಮುಗಿಯುವ ‘ತೀರ್ಮಾನ’ ಎಂಬ ಭಾಗದಲ್ಲಿ ‘ತದಿಗಿಣತೊಂ’ ಎಂಬ ಸೊಲ್ಲು ಸಾಮಾನ್ಯವಾಗಿ ಮೂರು ಸಲ ಬರುತ್ತದೆ. ಮೊದಲ ಎರಡು ಆವರ್ತನೆಗಳಲ್ಲಿ ಕಲಾವಿದೆ ಯಾವ ಕಡೆಗೆ ತಿರುಗುತ್ತಾಳೆ, ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಗಮನಿಸಿಟ್ಟುಕೊಂಡರೆ, ಮೂರನೆಯದರ ಕೊನೆಯ ‘ತೊಂ’ಗೆ ದೇಹವೆಲ್ಲ ಮೊಣಕಾಲು ಹೊರಕ್ಕೆ ಬಾಗಿಸಿದ ಅರೆಮಂಡಿಯಲ್ಲಿ ನೆಲೆಗೊಳ್ಳುವ ಆ ಕ್ಷಣ ನಮ್ಮದಾಗುತ್ತದೆ. ಭಂಗಿಯನ್ನು ಕಂಡ ಮೇಲೆ ಬೆರಳು ಒತ್ತಿದರೆ ತಡವಾಯಿತೆಂದೇ ಲೆಕ್ಕ, ಏಕೆಂದರೆ ಕಣ್ಣು ಕಂಡದ್ದು ಬೆರಳಿಗೆ ಮುಟ್ಟಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಆದ್ದರಿಂದ ಕಣ್ಣಿಗಿಂತ ಹೆಚ್ಚಾಗಿ ಗುರುಗಳು ಕೈತಾಳ ಹಿಡಿದು ನಡೆಸುವ ನಟ್ಟುವಾಂಗದ ತಾಳದ ಸದ್ದನ್ನು ನಂಬಬೇಕು.

ಕಾರ್ಯಕ್ರಮದ ಪ್ರಧಾನ ನೃತ್ಯವಾದ ವರ್ಣದ ಆರಂಭದಲ್ಲಿ ಬರುವ, ಮೂರು ಕಾಲಗಳಲ್ಲಿ ಅಂದರೆ ವೇಗಗಳಲ್ಲಿ ಸಾಗುವ ತ್ರಿಕಾಲ ಜತಿಯಂತೂ ಫೋಟೊ ತೆಗೆಯುವವರ ಪಾಲಿಗೆ ದೊಡ್ಡ ಉಪಕಾರ. ನಿಧಾನಗತಿಯಲ್ಲಿ ಕಂಡ ಅಡವುಗಳೇ ಮುಂದೆ ವೇಗ ಪಡೆಯುವುದರಿಂದ ಬೇಕಾದ ಚಿತ್ರಗಳನ್ನು ಮೊದಲ ಕಾಲದಲ್ಲೇ ತೆಗೆದುಕೊಂಡು, ಮೂರನೆಯ ಕಾಲ ಬಂದಾಗ ಕ್ಯಾಮೆರಾ ಕೆಳಗಿಳಿಸಿ ಸುಮ್ಮನೆ ನೋಡುವುದು ನನ್ನ ಪದ್ಧತಿ. (ನೋಡದೆ ಬರೀ ಚಿತ್ರ ತೆಗೆದು ಮನೆಗೆ ಹೋಗುವುದಾದರೆ ಕಾರ್ಯಕ್ರಮಕ್ಕೆ ಬರುವುದಾದರೂ ಏಕೆ?) ಜಿಗಿತಗಳಲ್ಲೂ ಇದೇ ನ್ಯಾಯ ಅನ್ವಯಿಸುತ್ತದೆ. ಮೇಲೇರುವ ವೇಗ ಮುಗಿದು ಇಳಿಯುವ ವೇಗ ಇನ್ನೂ ಹುಟ್ಟದ ತುದಿಯಲ್ಲಿ ದೇಹ ಬಹುತೇಕ ನಿಶ್ಚಲವಾಗಿರುತ್ತದೆ; ಜಡೆ ಮತ್ತು ಸೀರೆಯ ಬೀಸಣಿಗೆಯ ನೆರಿಗೆಗಳು ಮಾತ್ರ ಇನ್ನೂ ಚಲಿಸುತ್ತಿರುತ್ತವೆ. ಅವು ಸ್ವಲ್ಪ ಮಸುಕಾದರೆ ನನಗೆ ಬೇಸರವಿಲ್ಲ.

ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಇರುವಾಗ ತಾಳದ ಗೊಡವೆ ಏಕೆ ಎಂದು ವಾದಿಸುವವರಿದ್ದಾರೆ. ಪದವೆಂಬ ಭಾವಪ್ರಧಾನ ಹಾಡೊಂದರ ಅಭಿನಯ ನಡೆದು ಸಭೆಯೆಲ್ಲ ಮೌನವಾಗಿರುವಾಗ ಪಕ್ಕದ ಕುರ್ಚಿಯಿಂದ ಪಟಪಟನೆ ಶಟರ್ ಸದ್ದು ಕೇಳುತ್ತಾ ಕುಳಿತವರನ್ನು ಅವರು ಒಮ್ಮೆ ವಿಚಾರಿಸಲಿ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ಗೂ ತನ್ನದೇ ತೊಡಕುಗಳಿವೆ. ಎಷ್ಟೋ ಎಲ್‌ಇಡಿ ದೀಪಗಳು ನಮ್ಮ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತಿರುತ್ತವೆ. ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದಿಕೊಳ್ಳುವಾಗ ಆ ಮಿನುಗು ಅಡ್ಡಪಟ್ಟೆಗಳಾಗಿ ಮೂಡುತ್ತದೆ. ಮೊದಲ ನೃತ್ಯದಲ್ಲೇ ಒಂದು ಚಿತ್ರವನ್ನು ದೊಡ್ಡದು ಮಾಡಿ ಪರೀಕ್ಷಿಸಿಕೊಳ್ಳುವುದು ಕ್ಷೇಮ.

ಬೆಳಕಿನ ಅಳತೆಯನ್ನು ಕ್ಯಾಮೆರಾಕ್ಕೇ ಬಿಟ್ಟರೆ ಹಿಂದಿನ ಕಪ್ಪು ಪರದೆಯನ್ನು ಕಂಡು ಅದು ಮೋಸಹೋಗುತ್ತದೆ, ಚಿತ್ರವನ್ನು ಬೆಳಗಿಸಲು ಹೋಗಿ ಮುಖವನ್ನು ಬಿಳಿಚಿಸುತ್ತದೆ. ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಮುಖಕ್ಕೆ ಹಿಡಿದು, ನಾವೇ ಮ್ಯಾನುಯಲ್‌ನಲ್ಲಿ ನಿಗದಿಪಡಿಸುವುದೇ ಲೇಸು. ಇಷ್ಟು ನಮ್ಮ ಕೈಯಲ್ಲಿದೆ. ನಮ್ಮ ಕೈಯಲ್ಲಿಲ್ಲದ್ದು ಬಣ್ಣ. ಹಳೆಯ ಹ್ಯಾಲೊಜನ್ ದೀಪಗಳ ಕಾಲದಲ್ಲಿ ಬೆಳಕಿನ ಬಣ್ಣದ ಅಳತೆಯನ್ನು 3200 ಕೆಲ್ವಿನ್ ಎಂದಿಟ್ಟುಕೊಂಡರೆ ಮುಗಿಯುತ್ತಿತ್ತು. ಈಗ ನಾಯಿಕೆ ವಿರಹದಲ್ಲಿದ್ದರೆ ಅಪ್ಪಟ ನೀಲಿ, ಕೋಪಗೊಂಡರೆ ಅಪ್ಪಟ ಕೆಂಪು. ಆ ಕೆಂಪಿನಲ್ಲಿ ಕ್ಯಾಮೆರಾದ ಕೆಂಪು ಚಾನೆಲ್ (ಕೆಂಪು ಬಣ್ಣವನ್ನು ದಾಖಲಿಸುವ ಪಾಲು) ತುಂಬಿ ಚೆಲ್ಲಿ, ಹುಬ್ಬು, ಕೆನ್ನೆ, ತುಟಿಗಳೆಲ್ಲ ಒಂದೇ ಬಣ್ಣದ ಮುದ್ದೆಯಾಗುತ್ತವೆ. ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸಿಕೊಳ್ಳುವ ರಾ ಫೈಲಿನಿಂದಲೂ ಅದನ್ನು ಪೂರ್ತಿಯಾಗಿ ಮರಳಿ ಪಡೆಯಲಾಗುವುದಿಲ್ಲ. ಇದು ಬರೀ ಫೋಟೊದವರ ಗೋಳಲ್ಲ. ಕ್ಯಾಮೆರಾಕ್ಕೆ ಕಾಣದ ಕಣ್ಣಿನ ಸಂಚಾರ ಹಿಂದಿನ ಸಾಲಿನ ಪ್ರೇಕ್ಷಕರಿಗೂ ಅಷ್ಟಾಗಿ ಕಾಣುವುದಿಲ್ಲ. ರಾತ್ರಿಯಿಡೀ ಒಂದೇ ಬಿಳಿ ಬೆಳಕಿನಲ್ಲಿ ನಡೆಯುವ ಯಕ್ಷಗಾನ ಬಯಲಾಟದಲ್ಲಿ ವೇಷದ ಬಣ್ಣಗಾರಿಕೆ ಎಷ್ಟು ನಿಚ್ಚಳವಾಗಿ ಕಾಣುತ್ತದೆಂದು ನೋಡಿದವರಿಗೆ ನನ್ನ ದೂರು ಅರ್ಥವಾದೀತು.

ನಾಯ್ಸ್, ಅಂದರೆ ಮಂದ ಬೆಳಕಿನ ಚಿತ್ರದಲ್ಲಿ ಮೂಡುವ ಕಾಳುಕಾಳು, ಅದರ ಬಗ್ಗೆ ಇರುವ ಭಯ ಮಾತ್ರ ಅನಗತ್ಯ. ಫಿಲ್ಮ್ ಕಾಲದವರು 400 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯ ಅಳತೆ) ರೋಲನ್ನು 1600ಕ್ಕೆ ಎಳೆದು, ದಪ್ಪ ಕಾಳಿನ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆದು ಮೆಚ್ಚುಗೆ ಪಡೆದರು. ಇಂದಿನ ಕ್ಯಾಮೆರಾದಲ್ಲಿ 6400 ಇಟ್ಟರೆ ಅಷ್ಟು ಕಾಳೂ ಕಾಣುವುದಿಲ್ಲ. ಸಾಫ್ಟ್‌ವೇರಿನಲ್ಲಿ ಉಜ್ಜಿ ಉಜ್ಜಿ ಮುಖವನ್ನು ಮೇಣದ ಬೊಂಬೆಯಂತೆ ಮಾಡುವುದಕ್ಕಿಂತ ಕಾಳೇ ವಾಸಿ.

ಫ್ಲ್ಯಾಶ್ ಬೇಡವೆಂದು ಹೇಳಬೇಕಾಗಿಯೇ ಇಲ್ಲ ಅಂದುಕೊಂಡಿದ್ದೆ, ಆದರೆ ರಂಗಪ್ರವೇಶಗಳಲ್ಲಿ ಈಗಲೂ ಅದು ಮಿಂಚುತ್ತಿದೆ. ಬೆಳಕಿನ ವಿನ್ಯಾಸವನ್ನು ಅಳಿಸಿಹಾಕುವುದು ಹಾಗಿರಲಿ, ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಅದು ಹೊಡೆದರೆ ಒಂಟಿಕಾಲಲ್ಲಿ ನಿಂತವಳ ಸಮತೋಲವೇ ತಪ್ಪಬಹುದು. ಆಲ್ಬಂಗೆ ಹತ್ತಿರದ ಚಿತ್ರಗಳು ಬೇಕೆನ್ನುವ ಪೋಷಕರು ಗುರುಗಳ ಒಪ್ಪಿಗೆ ಪಡೆದು, ಪೂರ್ಣ ವೇಷಭೂಷಣದ ರಿಹರ್ಸಲ್ ದಿನ ಕ್ಯಾಮೆರಾದವರನ್ನು ಕರೆಸಲಿ. ಅಂದು ವೇದಿಕೆಯ ಅಂಚಿನವರೆಗೂ ಹೋಗಬಹುದು, ಬೇಕಾದ ಭಂಗಿಯನ್ನು ಇನ್ನೊಮ್ಮೆ ಮಾಡೆಂದು ಕೇಳಲೂಬಹುದು.